ಅಪರಾಧಶಾಸ್ತ್ರದ ಸ್ನಾತಕೋತ್ತರ ಅಧ್ಯಯನ



ಪತ್ತೇದಾರಿ ಧಾರಾವಾಹಿಯೋ ಅಪರಾಧ ಕುರಿತ ಚರ್ಚೆಯೋ ಪ್ರಸಾರವಾದಾಗ ನಿಮ್ಮಂಥ ವೀಕ್ಷಕರಿಂದ ನಮಗೆ ತಪ್ಪದೆ ಬರುವ ಪ್ರಶ್ನೆ ಒಂದಿದೆ: ಅಪರಾಧಶಾಸ್ತ್ರದಲ್ಲಿ ಎಂ.ಎ. ಮಾಡಿದರೆ ಪತ್ತೇದಾರರಾಗಬಹುದೇ? ಒಂದೇ ಮಾತಿನಲ್ಲಿ ಹೇಳುವುದಾದರೆ, ಇಲ್ಲ. ಆದರೆ ಅಲ್ಲಿಗೇ ಮಾತು ನಿಲ್ಲಿಸಿದರೆ ಒಂದು ಒಳ್ಳೆಯ ವಿದ್ಯೆಗೆ ಅನ್ಯಾಯ ಮಾಡಿದಂತಾಗುತ್ತದೆ. ಈ ಶಾಸ್ತ್ರ ಏನನ್ನು ಕಲಿಸುತ್ತದೆ, ಯಾರು ಇದನ್ನು ಓದಬೇಕು, ಓದಿದ ಮೇಲೆ ಮುಂದೇನು ಎಂಬುದನ್ನು ಇಂದು ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ನಿಮ್ಮ ಕಾಲೇಜಿನ ಸ್ಟ್ಯಾಂಡಿನಿಂದ ಒಂದು ಬೈಕು ಕಳುವಾಯಿತೆನ್ನಿ. ಮುರಿದ ಬೀಗದ ಮೇಲಿನ ಬೆರಳಚ್ಚು ಯಾರದು ಎಂದು ಕೇಳುವುದು ವಿಧಿವಿಜ್ಞಾನ. ಈ ಕೃತ್ಯಕ್ಕೆ ಯಾವ ಕಲಮು, ಎಷ್ಟು ಶಿಕ್ಷೆ ಎಂದು ಕೇಳುವುದು ಕಾನೂನು. ಅಪರಾಧಶಾಸ್ತ್ರದ ಪ್ರಶ್ನೆಗಳೇ ಬೇರೆ. ಕಳವುಗಳು ಈ ಸ್ಟ್ಯಾಂಡಿನಲ್ಲೇ ಏಕೆ ಹೆಚ್ಚು? ಕದಿಯುವವರು ಯಾವ ವಯಸ್ಸಿನವರು? ಹಿಡಿದು ಶಿಕ್ಷಿಸಿದರೆ ಮತ್ತೆ ಕದಿಯುವುದನ್ನು ಬಿಡುತ್ತಾರೆಯೇ? ಬೈಕು ಕಳೆದುಕೊಂಡವನಿಗೆ ಯಾರು ದಿಕ್ಕು? ವಿಧಿವಿಜ್ಞಾನ ಒಂದು ಘಟನೆಯನ್ನು ಬಿಡಿಸುತ್ತದೆ. ಅಪರಾಧಶಾಸ್ತ್ರ ನೂರಾರು ಘಟನೆಗಳನ್ನು ಒಟ್ಟಿಗಿಟ್ಟು ಅವುಗಳ ಕಾರಣವನ್ನು ಹುಡುಕುತ್ತದೆ.

ನಾನು ವಿಜ್ಞಾನದ ಪದವಿ ಪಡೆದವಳು. ಹಾಗಾಗಿ ಈ ಶಾಸ್ತ್ರದಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಇದು ತನ್ನ ತಪ್ಪುಗಳನ್ನು ತಾನೇ ಪರೀಕ್ಷಿಸಿಕೊಂಡ ಬಗೆ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹುಟ್ಟಿನಿಂದಲೇ ಅಪರಾಧಿಗಳಾದವರಿದ್ದಾರೆ, ಅವರ ತಲೆಬುರುಡೆ, ದವಡೆ, ಕಿವಿಗಳ ಆಕಾರದಿಂದಲೇ ಅವರನ್ನು ಗುರುತಿಸಬಹುದು ಎಂದು ವಾದಿಸಿದ. ಅಳತೆ, ಅಂಕಿಗಳಿದ್ದುದರಿಂದ ಅದು ವಿಜ್ಞಾನದಂತೆಯೇ ಕಂಡಿತು. ಇಂಗ್ಲೆಂಡಿನ ಜೈಲುಗಳಲ್ಲಿ ವೈದ್ಯನಾಗಿದ್ದ ಚಾರ್ಲ್ಸ್ ಗೋರಿಂಗ್ ಈ ವಾದವನ್ನು ಪರೀಕ್ಷೆಗೆ ಒಡ್ಡಿದ. ಸುಮಾರು 3,000 ಕೈದಿಗಳ ದೇಹದ ಅಳತೆಗಳನ್ನು ಸೈನಿಕರ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಅಳತೆಗಳೊಂದಿಗೆ ಹೋಲಿಸಿದ. ಅಪರಾಧಿಗೆಂದೇ ಒಂದು ದೇಹಲಕ್ಷಣವಿಲ್ಲ ಎಂದು 1913ರಲ್ಲಿ ವರದಿ ಮಾಡಿದ. ಇದರಿಂದ ಕಲಿಯಬೇಕಾದದ್ದು ಒಂದು ವಿಷಯ. ಜೈಲಿನ ಒಳಗಿರುವವರನ್ನು ಅಳೆದರೆ ಸಾಲದು, ಹೊರಗಿರುವವರನ್ನೂ ಅದೇ ಅಳತೆಗೋಲಿನಿಂದ ಅಳೆಯಬೇಕು.

ಇದು ಯಾವುದೋ ದೂರದೇಶದ ಹಳೆಯ ಕಥೆ ಎಂದುಕೊಳ್ಳಬೇಡಿ. ಹುಟ್ಟಿನಿಂದಲೇ ಅಪರಾಧಿ ಎಂಬ ನಂಬಿಕೆಗೆ ನಮ್ಮ ನಾಡು ದುಬಾರಿ ಬೆಲೆ ತೆತ್ತಿದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ಜಾರಿಗೆ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಘೋಷಿಸಿತು. ಅಲ್ಲಿ ಹುಟ್ಟಿದ್ದೇ ತಪ್ಪಾಯಿತು. ಪೊಲೀಸರ ಪಟ್ಟಿಯಲ್ಲಿ ಹೆಸರು ಬರೆಸಬೇಕು, ಕರೆದಾಗ ಹಾಜರಿ ಹಾಕಬೇಕು, ಊರು ಬಿಟ್ಟು ಹೋಗಲು ಅಪ್ಪಣೆ ಪಡೆಯಬೇಕು. 1911ರ ಕಾಯ್ದೆ ಈ ಕಟ್ಟಳೆಯನ್ನು ದೇಶದ ಉಳಿದ ಭಾಗಗಳಿಗೂ ಹಬ್ಬಿಸಿತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಯಲ್ಲಿ ಅಂಥ ಜನರನ್ನು ಕೂಡಿಹಾಕಿದ ವಸಾಹತೊಂದಿತ್ತು. ಜನ ಅದನ್ನು ಸೆಟ್ಲ್‌ಮೆಂಟ್ ಎಂದೇ ಕರೆದರು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯ್ದೆಯನ್ನು ರದ್ದುಮಾಡಿತು. ಅಂದಿನಿಂದ ಈ ಸಮುದಾಯಗಳಿಗೆ ವಿಮುಕ್ತರು ಎಂಬ ಹೆಸರು ಬಂತು. ಕಾಗದದ ಮೇಲಿನ ಕಳಂಕ ಅಳಿಯಿತು. ಜನರ ಬಾಯಲ್ಲಿದ್ದದ್ದು ಅಷ್ಟು ಬೇಗ ಅಳಿಯಲಿಲ್ಲ. ಅಪರಾಧದ ಬಗ್ಗೆ ತಪ್ಪು ತಿಳಿವಳಿಕೆ ಕಾನೂನಾದರೆ ಅದು ತಲೆಮಾರುಗಳನ್ನೇ ತುಳಿಯುತ್ತದೆ. ಅಪರಾಧಶಾಸ್ತ್ರವನ್ನು ಶ್ರದ್ಧೆಯಿಂದ ಓದಬೇಕಾದ ಮೊದಲ ಕಾರಣ ಇದೇ.

ಎರಡನೆಯ ಕಾರಣವನ್ನು ಅಮೆರಿಕದ ಎಡ್ವಿನ್ ಸದರ್‌ಲ್ಯಾಂಡ್ ತೋರಿಸಿಕೊಟ್ಟ. ಬಡತನವೇ ಅಪರಾಧಕ್ಕೆ ಮೂಲ ಎಂದು ಬಹುತೇಕ ವಿದ್ವಾಂಸರು ನಂಬಿದ್ದ ಕಾಲದಲ್ಲಿ, 1939ರ ಅಧ್ಯಕ್ಷೀಯ ಭಾಷಣದಲ್ಲಿ ಆತ ಪ್ರತಿಷ್ಠಿತರ ಅಪರಾಧಗಳತ್ತ ಬೆರಳು ಮಾಡಿದ. ಅದಕ್ಕೆ ಆತ ಕೊಟ್ಟ ಹೆಸರು ವೈಟ್ ಕಾಲರ್ ಕ್ರೈಮ್, ಅಂದರೆ ಬಿಳಿಕಾಲರಿನ ಅಪರಾಧ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ನಮ್ಮ ಗಾದೆಯ ಪ್ರಶ್ನೆಯನ್ನೇ ಆತ ಅಂಕಿ ಅಂಶಗಳೊಂದಿಗೆ ಕೇಳಿದ. 1949ರ ಆತನ ಗ್ರಂಥ ಅಮೆರಿಕದ 70 ದೊಡ್ಡ ಕಂಪೆನಿಗಳ ಕಾನೂನು ಉಲ್ಲಂಘನೆಗಳನ್ನು ಪರಿಶೀಲಿಸಿತ್ತು. ಪ್ರಕಾಶಕರು ಮೊಕದ್ದಮೆಗೆ ಹೆದರಿ ಕಂಪೆನಿಗಳ ಹೆಸರುಗಳನ್ನು ತೆಗೆಸಿದರು. ಹೆಸರುಗಳಿದ್ದ ಪೂರ್ಣ ಪಾಠ ಹೊರಬಂದದ್ದು 1983ರಲ್ಲಿ, ಲೇಖಕ ತೀರಿಕೊಂಡು ಮೂರು ದಶಕಗಳಾದ ಮೇಲೆ. ಜೈಲಿನಲ್ಲಿರುವವರನ್ನಷ್ಟೇ ಅಧ್ಯಯನ ಮಾಡಿದರೆ, ಸಿಕ್ಕಿಬಿದ್ದವರ ಬಗ್ಗೆ ತಿಳಿಯುತ್ತದೆಯೇ ಹೊರತು ಅಪರಾಧದ ಬಗ್ಗೆ ಅಲ್ಲ.

ಹಾಗಾದರೆ ಈ ಶಾಸ್ತ್ರ ಉಪಯೋಗಕ್ಕೆ ಬರುವುದು ಹೇಗೆ? ಒಂದು ಉದಾಹರಣೆ ಕೇಳಿ. ಹೆಲ್ಮೆಟ್ ಇಲ್ಲದೆ ಬೈಕು ಓಡಿಸುವವರಿಗೆ ಸ್ಥಳದಲ್ಲೇ ದಂಡ ಹಾಕುವ ಪದ್ಧತಿ 1980ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಬಂತು. ಉದ್ದೇಶ ತಲೆ ಉಳಿಸುವುದು. ಆದರೆ ಆ ವರ್ಷ ಸುಮಾರು ಒಂದೂವರೆ ಲಕ್ಷವಿದ್ದ ಬೈಕು ಕಳವುಗಳು 1986ರ ಹೊತ್ತಿಗೆ ಸುಮಾರು 54 ಸಾವಿರಕ್ಕೆ ಇಳಿದವು. ಕಾರಣ ಸರಳ. ಹಠಾತ್ತನೆ ಆಸೆ ಹುಟ್ಟಿ ಬೈಕು ಹಾರಿಸುವವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ. ಬರಿದಲೆಯಲ್ಲಿ ಹೊರಟರೆ ಮುಂದಿನ ವೃತ್ತದಲ್ಲೇ ಪೊಲೀಸರು ಕೈ ಅಡ್ಡ ಹಿಡಿಯುತ್ತಾರೆ. ಇಲ್ಲಿ ನೀವು ಒಂದು ಮರುಪ್ರಶ್ನೆ ಹಾಕಬೇಕು: ಆ ಕಳ್ಳರು ಕಾರಿನ ಕಡೆಗೋ ಸೈಕಲ್ಲಿನ ಕಡೆಗೋ ತಿರುಗಿರಬಹುದಲ್ಲವೇ? ಬ್ರಿಟನ್ನಿನ ಸಂಶೋಧಕರು ಅದನ್ನೂ ಲೆಕ್ಕ ಹಾಕಿದರು. ಕಾರಿನ ಕಳವು ಕೆಲವು ಸಾವಿರದಷ್ಟು ಹೆಚ್ಚಿತ್ತು. ಸೈಕಲ್ಲಿನ ಕಳವು ನಡುವೆ ಏರಿದರೂ 1986ರಲ್ಲಿ 1980ಕ್ಕಿಂತ ಕಡಿಮೆಯೇ ಇತ್ತು. ಅಂದರೆ ಬಹುಪಾಲು ಕಳವು ಬೇರೆಡೆಗೆ ಸರಿಯಲಿಲ್ಲ, ನಡೆಯಲೇ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಸುಲಭ. ಕೊಳ್ಳೆಗೆ ಮೊದಲೇ ಯಾವ ಬಾಗಿಲು ಹಾಕಬೇಕೆಂದು ತಿಳಿಯಲು ಇಂಥ ಲೆಕ್ಕ ಬೇಕು.

ಲೆಕ್ಕದ ಮಾತು ಬಂತು. ಅಪರಾಧಶಾಸ್ತ್ರದ ವಿದ್ಯಾರ್ಥಿ ಸಂಖ್ಯಾಶಾಸ್ತ್ರಕ್ಕೆ ಹೆದರಬಾರದು, ಅಂಕಿಗಳಿಗೆ ಮರುಳಾಗಲೂಬಾರದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ‘ಕ್ರೈಮ್ ಇನ್ ಇಂಡಿಯಾ’ ವರದಿಯ ಪ್ರಕಾರ ದೇಶದಲ್ಲಿ 2012ರಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 24,923. 2013ರಲ್ಲಿ 33,707. ಒಂದೇ ವರ್ಷದಲ್ಲಿ ಶೇಕಡಾ 35ರಷ್ಟು ಏರಿಕೆ. ದುಷ್ಕೃತ್ಯ ಅಷ್ಟು ಹೆಚ್ಚಿತೇ? ದೆಹಲಿಯ ಘೋರ ಘಟನೆಯ ನಂತರ 2013ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು. ಇಂಥ ದೂರನ್ನು ದಾಖಲಿಸಿಕೊಳ್ಳದ ಪೊಲೀಸ್ ಅಧಿಕಾರಿಯೂ ಶಿಕ್ಷೆಗೆ ಗುರಿಯಾಗುವಂತಾಯಿತು. ಮುಚ್ಚಿಟ್ಟುಕೊಂಡು ನರಳುತ್ತಿದ್ದವರು ಮುಂದೆ ಬಂದು ದೂರು ಕೊಡುವ ವಾತಾವರಣವೂ ಮೂಡಿತು. ಹಾಗಾಗಿ ಅಂಕಿ ಏರಿದ್ದರಲ್ಲಿ ಅಪರಾಧವೆಷ್ಟು, ಧೈರ್ಯವೆಷ್ಟು ಎಂದು ಬಿಡಿಸಿ ನೋಡಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮ ಗಮನಿಸಿ. ಒಂದೇ ಪ್ರಥಮ ವರ್ತಮಾನ ವರದಿಯಲ್ಲಿ ಕೊಲೆಯೂ ಸುಲಿಗೆಯೂ ಇದ್ದರೆ ಬ್ಯೂರೋ ಅತಿ ಘೋರವಾದ ಕೊಲೆಯನ್ನು ಮಾತ್ರ ಎಣಿಸುತ್ತದೆ. ಇಂತಿಷ್ಟು ಅಪರಾಧ ನಡೆಯಿತು ಎಂದು ಪತ್ರಿಕೆಯಲ್ಲೋ ಪರದೆಯ ಮೇಲೋ ಕಂಡಾಗ, ಎಣಿಸಿದವರು ಯಾರು, ಎಣಿಸಿದ್ದು ಹೇಗೆ ಎಂದು ಕೇಳುವ ಅಭ್ಯಾಸ ನಿಮ್ಮದಾಗಲಿ.

ಅಪರಾಧಿಯನ್ನು ಹಿಡಿದಲ್ಲಿಗೆ ಸಿನಿಮಾ ಮುಗಿಯುತ್ತದೆ. ಈ ಶಾಸ್ತ್ರದ ಮುಖ್ಯ ಅಧ್ಯಾಯಗಳು ಶುರುವಾಗುವುದೇ ಅಲ್ಲಿಂದ. 2022ರ ಕೊನೆಗೆ ಭಾರತದ ಕಾರಾಗೃಹಗಳಲ್ಲಿ ಸುಮಾರು 5.73 ಲಕ್ಷ ಬಂದಿಗಳಿದ್ದರು. ಅವರಲ್ಲಿ ಶೇಕಡಾ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು, ಅಂದರೆ ಅಪರಾಧಿಗಳೆಂದು ನ್ಯಾಯಾಲಯ ಇನ್ನೂ ಹೇಳದವರು. ಇವರು ಏಕೆ ಒಳಗಿದ್ದಾರೆ, ಜಾಮೀನು ಸಿಕ್ಕಿದರೂ ಹೊರಬರಲಾಗದವರು ಯಾರು, ಹೊರಬಂದವನಿಗೆ ಊರು ಕೆಲಸ ಕೊಡುತ್ತದೆಯೇ ಎಂಬುದು ದಂಡನಶಾಸ್ತ್ರದ ವಿಷಯ. ಹಾನಿಗೊಳಗಾದವರ ಪಾಡು ಏನೆಂಬುದು ಸಂತ್ರಸ್ತರ ಅಧ್ಯಯನದ ವಿಷಯ. ಸಂತ್ರಸ್ತರಿಗೆ ಪರಿಹಾರ ನೀಡುವ ಯೋಜನೆಯನ್ನು ಪ್ರತಿ ರಾಜ್ಯವೂ ರೂಪಿಸಬೇಕೆಂಬ ನಿಯಮ 2009ರಲ್ಲಿ ಜಾರಿಗೆ ಬಂತು. ಅದು ಇರುವುದೇ ಗೊತ್ತಿಲ್ಲದ ಕುಟುಂಬಗಳು ನಿಮ್ಮ ಊರಿನಲ್ಲೂ ಇರಬಹುದು.

ಮಕ್ಕಳ ವಿಷಯದಲ್ಲಿ ಈ ಕೆಲಸದ ತೂಕ ಇನ್ನೂ ಹೆಚ್ಚು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಬಾಲಕನ ಬಗ್ಗೆ ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿಯನ್ನು ಬಾಲನ್ಯಾಯ ಮಂಡಳಿಗೆ ಸಲ್ಲಿಸಬೇಕು. ಅವನ ಮನೆ ಹೇಗಿದೆ, ಶಾಲೆ ಬಿಟ್ಟದ್ದು ಯಾವಾಗ, ಜೊತೆಗಾರರು ಯಾರು, ತಿದ್ದಿಕೊಳ್ಳಲು ಯಾರ ಆಸರೆ ಇದೆ ಎಂಬುದೆಲ್ಲ ಅದರಲ್ಲಿರಬೇಕು. ಆ ಮನೆಗೆ ಹೋಗದೆ, ತಾಯಿಯನ್ನು ಮಾತನಾಡಿಸದೆ ಬರೆದ ವರದಿಗೂ, ಎರಡು ಸಲ ಹೋಗಿ ಅಂಗಳದಲ್ಲಿ ಕುಳಿತು ಕೇಳಿ ಬರೆದ ವರದಿಗೂ ನಡುವೆ ಒಬ್ಬ ಹುಡುಗನ ಬದುಕಿದೆ. ಇಂಥ ವರದಿ ಬರೆಯಲು ಬೇಕಾದ ಕಣ್ಣು, ಕಿವಿ, ಸಂಯಮಗಳನ್ನು ಈ ವಿದ್ಯೆ ಕೊಡಬಲ್ಲದು.

ಇನ್ನು ವ್ಯಾವಹಾರಿಕ ವಿಷಯ. ಸ್ನಾತಕೋತ್ತರ ಅಧ್ಯಯನ ಸಾಮಾನ್ಯವಾಗಿ ಎರಡು ವರ್ಷದ್ದು. ಅಪರಾಧದ ಸಿದ್ಧಾಂತಗಳು, ದಂಡನಶಾಸ್ತ್ರ, ಸಂತ್ರಸ್ತರ ಅಧ್ಯಯನ, ಅಪರಾಧ ಕಾನೂನು, ಪೊಲೀಸ್ ಆಡಳಿತ, ಸೈಬರ್ ಅಪರಾಧ, ಸಂಶೋಧನಾ ವಿಧಾನ ಇವು ಪಠ್ಯದ ಮುಖ್ಯ ಭಾಗಗಳು. ಜೊತೆಗೆ ಕ್ಷೇತ್ರ ಭೇಟಿ ಮತ್ತು ಪ್ರಬಂಧ. ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಕಾಯ್ದೆಗಳು 2024ರ ಜುಲೈ 1ರಿಂದ ಜಾರಿಗೆ ಬಂದಿರುವುದರಿಂದ ಹಳೆಯ ಟಿಪ್ಪಣಿಗಳನ್ನು ನೆಚ್ಚಿಕೊಳ್ಳಬೇಡಿ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ಕೊಡಬೇಕೆಂದು ಹೊಸ ಕಾನೂನು ಹೇಳುತ್ತದೆ. ಆ ದಾರಿ ಹಿಡಿಯುವ ಆಸೆಯಿದ್ದರೆ ಪದವಿಯಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರಗಳಂಥ ವಿಜ್ಞಾನ ವಿಷಯಗಳನ್ನು ಓದಿಕೊಳ್ಳಿ. ಅಪರಾಧಶಾಸ್ತ್ರದ ಬಾಗಿಲು ಕಲೆ, ವಾಣಿಜ್ಯ ಓದಿದವರಿಗೂ ಬಹುಕಡೆ ತೆರೆದಿರುತ್ತದೆ. ಅರ್ಜಿ ಹಾಕುವ ಮೊದಲು ಆಯಾ ವಿಶ್ವವಿದ್ಯಾಲಯದ ಪ್ರವೇಶ ನಿಯಮಗಳನ್ನು ಓದಿ.

ನಮ್ಮ ರಾಜ್ಯದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಮಂಗಳೂರಿನ ರೋಶನಿ ನಿಲಯ ಈ ವಿಷಯಕ್ಕೆ ಹೆಸರಾಗಿವೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಹಂತದಲ್ಲೇ ಇದನ್ನು ಓದಬಹುದು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣವೊಂದು ಧಾರವಾಡಕ್ಕೆ ಬಂದಿದೆ. ಹೊರಗೆ ಹೋಗುವವರಿಗೆ ಮಧ್ಯಪ್ರದೇಶದ ಸಾಗರ, ಚೆನ್ನೈ, ತಿರುನೆಲ್ವೇಲಿಯ ವಿಶ್ವವಿದ್ಯಾಲಯಗಳೂ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ ಇವೆ.

ಉದ್ಯೋಗದ ಬಗ್ಗೆ ನಿಮಗೆ ಸಕ್ಕರೆ ಲೇಪಿಸಿ ಹೇಳುವುದಿಲ್ಲ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಲು ಈ ಪದವಿಯೇ ಬೇಕೆಂದಿಲ್ಲ, ಈ ಪದವಿ ಇದ್ದ ಮಾತ್ರಕ್ಕೆ ಆ ಹುದ್ದೆ ಸಿಗುವುದೂ ಇಲ್ಲ. ಪರೀಕ್ಷೆ, ದೈಹಿಕ ಅರ್ಹತೆ ಎಲ್ಲರಿಗೂ ಒಂದೇ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಅಪರಾಧಶಾಸ್ತ್ರ ಇಲ್ಲ. ಆದರೆ ಕಾರಾಗೃಹದ ಕಲ್ಯಾಣ ಕಾರ್ಯ, ಮಕ್ಕಳ ರಕ್ಷಣೆ, ಸಂತ್ರಸ್ತರ ನೆರವು, ಸ್ವಯಂಸೇವಾ ಸಂಸ್ಥೆಗಳು, ಬ್ಯಾಂಕು ಮತ್ತು ವಿಮೆಯಲ್ಲಿ ವಂಚನೆಯ ಪತ್ತೆ, ಸಂಶೋಧನೆ ಇವುಗಳಲ್ಲಿ ಈ ತರಬೇತಿಗೆ ಬೆಲೆಯಿದೆ. ಅಧ್ಯಾಪಕರಾಗಬೇಕೆನ್ನುವವರಿಗೆ ಅಪರಾಧಶಾಸ್ತ್ರದಲ್ಲಿ ಯುಜಿಸಿಯ ನೆಟ್ ಪರೀಕ್ಷೆ ಇದೆ.

ಸೇರುವ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿಕೊಳ್ಳಿ. ನ್ಯಾಯಾಲಯಗಳ ವಿಚಾರಣೆ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ. ನಿಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿ ಒಂದು ದಿನ ಹಿಂದಿನ ಬೆಂಚಿನ ಮೇಲೆ ಕುಳಿತುಬನ್ನಿ. ಅಲ್ಲಿ ರೋಚಕವಾದದ್ದು ಕಡಿಮೆ. ಮುಂದೂಡಿದ ದಿನಾಂಕಗಳು, ಬಾರದ ಸಾಕ್ಷಿಗಳು, ಬಾಗಿಲ ಬಳಿ ಬುತ್ತಿ ಹಿಡಿದು ಕಾಯುವ ತಾಯಂದಿರು ಕಾಣುತ್ತಾರೆ. ಅದನ್ನು ನೋಡಿ ಬೇಸರವಾದರೆ ಬೇರೆ ವಿಷಯ ಆರಿಸಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಹೀಗೇಕೆ, ಇದನ್ನು ಬದಲಿಸುವುದು ಹೇಗೆ ಎಂಬ ಪ್ರಶ್ನೆ ಮನೆಗೆ ಬಂದ ಮೇಲೂ ಕಾಡಿದರೆ, ಈ ಶಾಸ್ತ್ರಕ್ಕೆ ನಿಮ್ಮಂಥವರು ಬೇಕು.