ಕಾಣುವ ಕಂಚು, ಕಾಣದ ಉಕ್ಕು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ನೀವು ಪ್ರವಾಸ ಹೊರಟಾಗ ದೇವನಹಳ್ಳಿಯ ವಿಮಾನ ನಿಲ್ದಾಣದ ಬಳಿ ನಿಂತಿರುವ ಕೆಂಪೇಗೌಡರ ಪ್ರತಿಮೆಯನ್ನು ನೋಡಿ ಬನ್ನಿ. ಶಿಲ್ಪಿ ರಾಮ್ ಸುತಾರ್ ರೂಪಿಸಿದ ಇದು 2022ರ ನವೆಂಬರ್ 11ರಂದು ಅನಾವರಣಗೊಂಡಿತು. ಎತ್ತರ 108 ಅಡಿ.

ಟಿ.ವಿ. ಪರದೆಯಲ್ಲಿ ನಾವು ಅದನ್ನು ಅಂಗೈಯಷ್ಟಾಗಿಸಿಬಿಡುತ್ತೇವೆ. ಅಲ್ಲಿಗೆ ಹೋದರೆ ಪಾದದ ಬಳಿ ನಿಂತ ಗೆಳೆಯನೇ ನಿಮಗೆ ಅಳತೆಗೋಲು. ಮೊದಲು ದೂರದಿಂದ ನೋಡಿ, ಆಮೇಲೆ ಸುತ್ತಲೂ ನಡೆದು ನೋಡಿ.

ಈಗ ಒಂದು ಪ್ರಶ್ನೆ. ಅದು ಬಿರುಗಾಳಿಗೆ ಬೀಳದೆ ನಿಂತಿರುವುದು ಹೇಗೆ? ಅದಕ್ಕೆ ಬಳಸಿರುವ ಕಂಚು 98 ಟನ್, ಉಕ್ಕು 120 ಟನ್. ತಾಮ್ರ, ತವರಗಳ ಮಿಶ್ರಲೋಹವಾದ ಕಂಚು ಎರಕಕ್ಕೆ ಚೆನ್ನಾಗಿ ಒಗ್ಗುತ್ತದೆ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಆದರೆ ಅದು ಹೊರಗಿನ ಚರ್ಮವಷ್ಟೇ. ಭಾರವನ್ನೂ ಗಾಳಿಯ ಒತ್ತಡವನ್ನೂ ಹೊರುವುದು ಒಳಗಿನ ಉಕ್ಕಿನ ಎಲುಬುಗೂಡು. ಕಾಣುವುದಕ್ಕಿಂತ ಕಾಣದ್ದೇ ಹೆಚ್ಚು!

ಇಂಗ್ಲೆಂಡಿನ ಗೇಟ್ಸ್‌ಹೆಡ್ ಪಟ್ಟಣದಲ್ಲಿ 1998ರಲ್ಲಿ ಶಿಲ್ಪಿ ಆಂಟನಿ ಗಾರ್ಮ್ಲಿ ಒಂದು ಉಕ್ಕಿನ ದೇವದೂತನನ್ನು ನಿಲ್ಲಿಸಿದರು. ಎತ್ತರ 20 ಮೀಟರ್, ರೆಕ್ಕೆಗಳ ಹರವು 54 ಮೀಟರ್. ಅದರ ಮೈಮೇಲಿನ ತುಕ್ಕಿನ ಪದರವೇ ಒಳಗಿನ ಉಕ್ಕನ್ನು ಕಾಯುತ್ತದೆ. ಒಂದು ಕಾಲದಲ್ಲಿ ಆ ನೆಲದಡಿಯಲ್ಲಿ ಗಣಿಕಾರ್ಮಿಕರು ಕಲ್ಲಿದ್ದಲು ತೋಡುತ್ತಿದ್ದರು. ಕಣ್ಣಿಗೆ ಬೀಳದೆ ದುಡಿದ ಆ ಜನರನ್ನು ಶಿಲ್ಪ ನೆನಪಿಸುತ್ತದೆ.

ನಮ್ಮ ಪ್ರತಿಮೆಯ ಹಿಂದೆಯೂ ಹಾಗೆ ಕಾಣದೆ ಉಳಿದದ್ದೊಂದಿತ್ತು. ಅದು ಇರುವುದು ನಿಮ್ಮ ಮಾಗಡಿ ತಾಲ್ಲೂಕಿನಲ್ಲೇ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿಯನ್ನು ಕೆಂಪಾಪುರ ಗ್ರಾಮದಲ್ಲಿ ಗುರುತಿಸಿದ್ದು 2015ರಲ್ಲಿ, ಕಲ್ಲಿನಲ್ಲಿ ಕೊರೆದ ಬರಹದ ಆಧಾರದಿಂದ. ಅಲ್ಲಿಯವರೆಗೆ ಅದು ಊರಿನ ಒಂದು ಹಳೆಯ ಕಲ್ಲಿನ ಕಟ್ಟಡವಾಗಿತ್ತು, ಅಷ್ಟೆ.

ಪ್ರತಿಮೆಯ ಮುಖ ನಮ್ಮ ಕಾಲದ ಶಿಲ್ಪಿಯ ಕಲ್ಪನೆ. ಅದರಲ್ಲಿ ತಪ್ಪೇನಿಲ್ಲ, ಶಿಲ್ಪಕ್ಕೆ ಆ ಸ್ವಾತಂತ್ರ್ಯವಿದೆ. ಆದರೆ ಚರಿತ್ರೆಗೆ ಎಲುಬುಗೂಡು ಬೇಕು. ಅದನ್ನು ಒದಗಿಸುವುದು ಇಂಥ ಕಲ್ಲಿನ ಅಕ್ಷರಗಳು. ಕಂಚು ಹಾಳಾದರೆ ಮತ್ತೆ ಎರಕ ಹೊಯ್ಯಬಹುದು. ಅಳಿದ ಶಾಸನವನ್ನು ಯಾರೂ ಮತ್ತೆ ಬರೆಯಲಾರರು.

ಆದ್ದರಿಂದ ಎರಡನ್ನೂ ನೋಡಿ. ನಿಮ್ಮ ಊರಿನ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಅಕ್ಷರವಿರುವ ಕಲ್ಲು ಇದ್ದರೆ ಅದನ್ನು ಕೆರೆಯಬೇಡಿ, ಬಣ್ಣ ಬಳಿಯಬೇಡಿ. ಫೋಟೋ ತೆಗೆದು ನಿಮ್ಮ ಅಧ್ಯಾಪಕರಿಗೆ ತೋರಿಸಿ. ಇನ್ನೊಂದು ಕೆಂಪಾಪುರ ನಿಮ್ಮ ಊರೇ ಆಗಿರಬಹುದು.