ದುಡಿಯುವ ಮೈಗೂ ಯೋಗ ಬೇಕು

(ತಾಯಂದಿರ ಆರೋಗ್ಯ ತಪಾಸಣಾ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಯೋಗ ಎಂದ ಕೂಡಲೇ ನಮ್ಮ ಕಡೆಯ ತಾಯಂದಿರಿಂದ ಬರುವ ಮೊದಲ ಮಾತು ಒಂದೇ. "ಬೆಳಿಗ್ಗೆಯಿಂದ ರಾತ್ರಿಯವರೆಗೆ ಮೈಮುರಿದು ದುಡಿಯುತ್ತೇವೆ, ನಮಗೆ ಇನ್ಯಾವ ಯೋಗ? ಅದೆಲ್ಲ ಕುಳಿತು ಉಣ್ಣುವವರಿಗೆ" ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಏನೆಂಬುದನ್ನು ತಿಳಿಸುವುದೇ ಇಂದಿನ ಈ ಮಾತುಗಳ ಉದ್ದೇಶ.

ದುಡಿಮೆ ಬೇರೆ, ಯೋಗ ಬೇರೆ

ನಿಮ್ಮ ಒಂದು ದಿನವನ್ನು ನೀವೇ ನೆನಪು ಮಾಡಿಕೊಳ್ಳಿ. ನಸುಕಿಗೆ ಎದ್ದು ಕಸ ಗುಡಿಸುವಾಗ ಸೊಂಟ ಮುಂದಕ್ಕೆ ಬಾಗಿರುತ್ತದೆ. ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗಲೂ ಮುಂದಕ್ಕೆ, ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆಯುವಾಗಲೂ ಮುಂದಕ್ಕೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತದ ನಾಟಿ ಹಾಕುವಾಗ ಗಂಟೆಗಟ್ಟಲೆ ಕೆಸರಿನಲ್ಲಿ ಬಗ್ಗಿ ನಿಲ್ಲಬೇಕು. ನಾಗಮಂಗಲದ ಕಡೆ ರಾಗಿ ಹೊಲದ ಕಳೆ ಕೀಳುವಾಗಲೂ, ಕಬ್ಬಿನ ಗದ್ದೆಯಲ್ಲಿ ತರಗು ತೆಗೆಯುವಾಗಲೂ ಹಾಗೆಯೇ. ಮನೆಗೆ ಬಂದರೆ ಪಾತ್ರೆ, ಬಟ್ಟೆ, ಒಲೆ. ಅಂದರೆ ಇಡೀ ದಿನ ಬೆನ್ನು ಒಂದೇ ಕಡೆಗೆ ಬಾಗಿದೆ. ಹಿಂದಕ್ಕೆ ಒಂದು ಸಲವಾದರೂ ಬಾಗಿತೇ? ಇಲ್ಲ.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆಯ ದಿಂಬಿನಂತಹ ಭಾಗಗಳಿವೆ. ಸದಾ ಮುಂದಕ್ಕೆ ಬಾಗಿ, ಅದರ ಮೇಲೆ ಭಾರವನ್ನೂ ಎತ್ತಿದರೆ ಆ ದಿಂಬುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಬೆನ್ನಿನ ಹಿಂಭಾಗದ ಸ್ನಾಯುಗಳು ಎಳೆದೆಳೆದು ದಣಿಯುತ್ತವೆ. ಎದೆಯ ಸ್ನಾಯುಗಳು ಮುದುಡುತ್ತವೆ. ಹುಲ್ಲಿನ ಹೊರೆ ಎತ್ತುವಾಗ ನಾವು ಉಸಿರು ಕಟ್ಟುತ್ತೇವೆ. ಮನಸ್ಸೋ ಎಲ್ಲೋ ಇರುತ್ತದೆ: ಸಂಘದ ಕಂತು, ಮಗಳ ಮದುವೆ, ಮಗನ ಫೀಸು.

ಯೋಗದಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದದ್ದು. ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಹಿಂದಕ್ಕೆ ಬಾಗುತ್ತದೆ, ಎಡಕ್ಕೂ ಬಲಕ್ಕೂ ತಿರುಗುತ್ತದೆ. ಪ್ರತಿ ಚಲನೆಯ ಜೊತೆ ಉಸಿರು ಬರುತ್ತದೆ, ಹೋಗುತ್ತದೆ. ಕೊನೆಯಲ್ಲಿ ವಿಶ್ರಾಂತಿ ಇದೆ. ಆಸನವೆಂದರೆ ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂದು ಪತಂಜಲಿ ಮಹರ್ಷಿಗಳೇ ಹೇಳಿದ್ದಾರೆ. ನಮ್ಮ ದುಡಿಮೆಯಲ್ಲಿ ಸ್ಥಿರವೂ ಇಲ್ಲ, ಸುಖವೂ ಇಲ್ಲ.

ಎತ್ತಿನ ಗಾಡಿ ದಿನವೆಲ್ಲ ಉರುಳುತ್ತದೆ ಎಂದು ಯಾರಾದರೂ ಅದಕ್ಕೆ ಕೀಲೆಣ್ಣೆ ಬೇಡ ಎನ್ನುತ್ತಾರೆಯೇ? ಹೆಚ್ಚು ಉರುಳುವ ಗಾಡಿಗೇ ಹೆಚ್ಚು ಕೀಲೆಣ್ಣೆ ಬೇಕು. ತಾಯಂದಿರೇ, ನಿಮ್ಮ ಮೈಗೆ ಯೋಗವೇ ಆ ಕೀಲೆಣ್ಣೆ.

ಯೋಗ ನಮ್ಮ ನೆರೆಯಲ್ಲೇ ಬೆಳೆದದ್ದು

ಇದು ಪಟ್ಟಣದವರ ವಿದ್ಯೆ, ಪರದೇಶದವರ ಶೋಕಿ ಎಂದು ಭಾವಿಸಬೇಡಿ. ಇಂದು ಜಗತ್ತಿನಾದ್ಯಂತ ಕಲಿಸುವ ಆಸನಗಳ ಒಂದು ದೊಡ್ಡ ಪರಂಪರೆ ಹರಡಿದ್ದು ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿ.ಮೀ. ದೂರದ ಮೈಸೂರಿನಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಮೊದಲು ಪ್ರಕಟವಾದದ್ದು ಕನ್ನಡದಲ್ಲಿಯೇ.

ಅವರ ಶಿಷ್ಯರಲ್ಲಿ ಒಬ್ಬರು ಬಿ.ಕೆ.ಎಸ್. ಅಯ್ಯಂಗಾರ್. ಅವರ ಊರು ಬೆಳ್ಳೂರು. ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರಲ್ಲ, ಕೋಲಾರ ಜಿಲ್ಲೆಯ ಬೆಳ್ಳೂರು. 1918ರ ಇನ್‌ಫ್ಲುಯೆಂಜಾ ಹಾವಳಿಯ ಕಾಲದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನರಳಿ ತೀರಾ ಬಡಕಲಾಗಿದ್ದರು. ಕೃಷ್ಣಮಾಚಾರ್ಯರ ಪತ್ನಿ ನಾಮಗಿರಿಯಮ್ಮನವರು ಇವರ ಅಕ್ಕ. ಅಕ್ಕನ ಮನೆ ಸೇರಿದ ಆ ನಿಶ್ಶಕ್ತ ಹುಡುಗ ಯೋಗ ಕಲಿತು, ಲೋಕಕ್ಕೆಲ್ಲ ಕಲಿಸಿ, 95 ವರ್ಷ ಬಾಳಿ 2014ರಲ್ಲಿ ತೀರಿಕೊಂಡರು. ಅವರ ಮಗಳು ಗೀತಾ ಅಯ್ಯಂಗಾರ್ ಅವರು ಮುಟ್ಟು, ಬಸಿರು, ಬಾಣಂತನ, ಮುಟ್ಟು ನಿಲ್ಲುವ ಕಾಲ ಹೀಗೆ ಹೆಣ್ಣಿನ ಒಂದೊಂದು ಘಟ್ಟಕ್ಕೂ ಹೊಂದುವ ಅಭ್ಯಾಸವನ್ನು ಕ್ರಮವಾಗಿ ಬರೆದು ತೋರಿಸಿದರು. ಇತ್ತ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಊರೂರು ತಿರುಗಿ ಹಳ್ಳಿಯ ಜನರಿಗೆ ಯೋಗ ಹೇಳಿಕೊಟ್ಟರು. ಆದ್ದರಿಂದ ಯೋಗವು ಹಳ್ಳಿಗೂ ಹೊಸದಲ್ಲ, ಹೆಣ್ಣಿಗೂ ಹೊರತಲ್ಲ.

ಹೆಣ್ಣುಮಕ್ಕಳಿಗೆ ಯೋಗ

*ಸೊಂಟನೋವು:* ಬಹುಕಾಲದಿಂದ ಇರುವ ಸಾಮಾನ್ಯ ಸೊಂಟನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ ಮುಂತಾದವನ್ನು ಪ್ರಯತ್ನಿಸಬೇಕೆಂದು 2017ರಲ್ಲಿ ಅಮೆರಿಕದ ವೈದ್ಯರ ಸಂಘಟನೆಯೇ ಸಲಹೆ ನೀಡಿದೆ. ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ದಿನವೂ ಹೀಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಹಾನಿಯಾಗಬಹುದು.

*ಮುಟ್ಟಿನ ದಿನಗಳು:* ಬದ್ಧಕೋಣಾಸನ, ಮಗುವಿನಂತೆ ಮುದುಡಿ ಮಲಗುವ ಆಸನ ಹಾಗೂ ನಿಧಾನವಾದ ಉಸಿರಾಟದಿಂದ ಅನೇಕರಿಗೆ ಹೊಟ್ಟೆನೋವು ಹಗುರವಾಗುತ್ತದೆ. ಆ ದಿನಗಳಲ್ಲಿ ತಲೆಕೆಳಗಾದ ಆಸನಗಳನ್ನೂ ಕಪಾಲಭಾತಿಯನ್ನೂ ಬಿಡುವುದು ರೂಢಿ. ರಕ್ತಸ್ರಾವ ಅತಿಯಾಗಿದ್ದರೆ ಯೋಗದಿಂದ ನಿಲ್ಲಿಸಲು ಹೋಗಬೇಡಿ, ವೈದ್ಯರಿಗೆ ತೋರಿಸಿ.

*ರಕ್ತಹೀನತೆ:* ಇಲ್ಲಿ ಸ್ಪಷ್ಟವಾಗಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12ಕ್ಕಿಂತ, ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಸುಸ್ತು, ಏದುಸಿರು, ತಲೆಸುತ್ತು ಇದ್ದಾಗ ಯೋಗ ರಕ್ತವನ್ನು ತುಂಬಿಕೊಡುವುದಿಲ್ಲ. ಕಬ್ಬಿಣಾಂಶದ ಮಾತ್ರೆ, ಸೊಪ್ಪು, ಕಾಳು, ರಾಗಿ ಬೇಕು. ಊಟಕ್ಕೆ ನಿಂಬೆಹುಳಿ ಹಿಂಡಿಕೊಳ್ಳಿ. ಮಾತ್ರೆಯ ಜೊತೆ, ಊಟದ ಜೊತೆ ಕಾಫಿ-ಟೀ ಬೇಡ. ಇಂದು ಶಿಬಿರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳದೆ ಯಾರೂ ಹೋಗಬಾರದು.

*ಬಸಿರು ಮತ್ತು ಬಾಣಂತನ:* ತೊಂದರೆ ಇಲ್ಲದ ಬಸಿರಿನಲ್ಲಿ ವೈದ್ಯರ ಒಪ್ಪಿಗೆ ಪಡೆದು ಹಗುರವಾದ ಯೋಗ ಮಾಡಬಹುದು. ಕಾಲುಗಳ ಊತ, ಬೆನ್ನಿನ ಬಿಗಿತ, ಹೆರಿಗೆಯ ಭಯ ಕಡಿಮೆಯಾಗಲು ಸಹಾಯವಾಗುತ್ತದೆ. ಬೋರಲು ಮಲಗುವ ಆಸನ, ಹೊಟ್ಟೆ ತಿರುಚುವ ಆಸನ, ಉಸಿರು ಬಿಗಿಹಿಡಿಯುವುದು ಬೇಡ. ನಾಲ್ಕೈದು ತಿಂಗಳು ತುಂಬಿದ ಮೇಲೆ ಶವಾಸನವನ್ನು ಅಂಗಾತ ಮಾಡದೆ ಎಡಮಗ್ಗುಲಿಗೆ ಮಲಗಿ ಮಾಡಿ. ಆಪರೇಷನ್ ಹೆರಿಗೆಯಾದವರು ವೈದ್ಯರು ಹೇಳುವವರೆಗೆ ಆಸನ ಆರಂಭಿಸಬಾರದು.

*ಹೇಳಿಕೊಳ್ಳಲಾಗದ ತೊಂದರೆ:* ಕೆಮ್ಮಿದರೆ, ಸೀನಿದರೆ, ಹೊರೆ ಎತ್ತಿದರೆ ಮೂತ್ರ ಹನಿಯುವುದು. ಕೆಳಗೆ ಏನೋ ಜಾರಿದಂತೆ, ಗಂಟು ಸಿಕ್ಕಿದಂತೆ ಅನಿಸುವುದು. ಎಷ್ಟೋ ತಾಯಂದಿರು ಇದನ್ನು ವರ್ಷಗಟ್ಟಲೆ ಗಂಡನಿಗೂ ಹೇಳದೆ, ಅಕ್ಕ-ತಂಗಿಯರಿಗೂ ಹೇಳದೆ ನುಂಗಿಕೊಂಡು ಗದ್ದೆಗೆ ಹೋಗುತ್ತಾರೆ. ಇದು ನಾಚಿಕೆಯ ವಿಷಯವಲ್ಲ. ಹೆರಿಗೆಗಳಿಂದ, ಬಾಣಂತನದಲ್ಲೇ ಭಾರ ಎತ್ತುವುದರಿಂದ, ವಯಸ್ಸಿನಿಂದ ಗರ್ಭಕೋಶವನ್ನು ಹಿಡಿದಿರುವ ಸ್ನಾಯುಗಳು ಸಡಿಲವಾಗುವುದೇ ಕಾರಣ. ಯೋಗದ ಮೂಲಬಂಧವನ್ನು ಹೋಲುವ ಒಂದು ಅಭ್ಯಾಸ ಇದಕ್ಕಿದೆ. 1948ರಲ್ಲಿ ಕೆಗಲ್ ಎಂಬ ಅಮೆರಿಕದ ವೈದ್ಯರು ಇದನ್ನೇ ಚಿಕಿತ್ಸೆಯಾಗಿ ವಿವರಿಸಿದರು. ಮೂತ್ರವನ್ನು ತಡೆಯುವಂತೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆ ಸೆಳೆದು ಐದು ಎಣಿಸುವವರೆಗೆ ಹಿಡಿಯಿರಿ, ಐದು ಎಣಿಸುವವರೆಗೆ ಸಡಿಲ ಬಿಡಿ. ಉಸಿರು ಕಟ್ಟಬೇಡಿ. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು-ನಾಲ್ಕು ತಿಂಗಳು. ಒಲೆಯ ಮುಂದೆ ಕುಳಿತೂ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಆರಂಭದ ಹಂತದಲ್ಲಿ ಇದರಿಂದ ಗುಣ ಕಾಣುತ್ತದೆ. ಹೆಚ್ಚಾಗಿದ್ದರೆ ಬೇರೆ ಚಿಕಿತ್ಸೆ ಇದೆ. ದಯವಿಟ್ಟು ಲೇಡಿ ಡಾಕ್ಟರ್ ಬಳಿ ಬಾಯಿಬಿಟ್ಟು ಹೇಳಿ.

*ಮುಟ್ಟು ನಿಂತ ಮೇಲೆ:* ಈ ವಯಸ್ಸಿನಲ್ಲಿ ಮೂಳೆ ಸವೆಯುತ್ತದೆ, ಬಿದ್ದರೆ ಸೊಂಟ ಮುರಿಯುವ ಭಯವಿರುತ್ತದೆ. ಗೋಡೆ ಹಿಡಿದು ವೃಕ್ಷಾಸನ ಮಾಡಿದರೆ ಕಾಲುಗಳಿಗೆ ಬಲ ಮತ್ತು ಸಮತೋಲನ ಬರುತ್ತದೆ. ಮಂಡಿನೋವಿದ್ದವರು ನೆಲದಲ್ಲಿ ಕೂರಬೇಕಿಲ್ಲ, ಕುರ್ಚಿಯಲ್ಲಿ ಕುಳಿತೇ ಕೈ, ಕತ್ತು, ಉಸಿರಿನ ಅಭ್ಯಾಸ ಮಾಡಲಿ.

ಮಕ್ಕಳಿಗೆ ಯೋಗ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯೋಗ ಆಟಕ್ಕೆ ಬದಲಲ್ಲ, ಆಟದ ಜೊತೆಗಾರ. ಹತ್ತು ನಿಮಿಷ ಸೂರ್ಯನಮಸ್ಕಾರ, ವೃಕ್ಷಾಸನ, ಕೊನೆಗೆ ದುಂಬಿಯಂತೆ ಝೇಂಕರಿಸುವ ಭ್ರಾಮರಿ ಸಾಕು. ಒಂಟಿಕಾಲಿನಲ್ಲಿ ಅಲುಗಾಡದೆ ನಿಲ್ಲಲು ಕಲಿತ ಮಗು ಪುಸ್ತಕದ ಮುಂದೆಯೂ ಕುಳಿತುಕೊಳ್ಳಲು ಕಲಿಯುತ್ತದೆ. ಪರೀಕ್ಷೆಯ ದಿನ ಎದೆ ಡವಗುಟ್ಟಿದರೆ, ಒಳಗೆ ತೆಗೆದುಕೊಂಡ ಉಸಿರಿಗಿಂತ ಉದ್ದವಾಗಿ ಉಸಿರು ಬಿಡುವುದನ್ನು ಕಲಿಸಿ. ಉಸಿರನ್ನು ನಿಧಾನವಾಗಿ ಬಿಡುವಾಗ ಎದೆಬಡಿತ ತಾನಾಗಿ ಇಳಿಯುತ್ತದೆ. ಇದು ದೇಹದ ಸಹಜ ಧರ್ಮ.

ಶಾಲೆಯ ಬ್ಯಾಗನ್ನೂ ತೂಗಿ ನೋಡಿ. 2020ರ ಶಾಲಾ ಬ್ಯಾಗ್ ನೀತಿಯಂತೆ ಅದು ಮಗುವಿನ ತೂಕದ ಶೇ 10ನ್ನು ಮೀರಬಾರದು. ಅಂದರೆ 25 ಕೆ.ಜಿ. ತೂಗುವ ಮಗುವಿಗೆ ಎರಡೂವರೆ ಕೆ.ಜಿ. ಮಾತ್ರ. ಮೊಬೈಲ್ ಹಿಡಿದು ಕತ್ತು ಬಗ್ಗಿಸಿ ಕುಳಿತ ಮಗುವನ್ನು ಅರ್ಧ ಗಂಟೆಗೊಮ್ಮೆ ಎಬ್ಬಿಸಿ. ಮೈನೆರೆದ ಹುಡುಗಿಯ ಆಟ, ಓಟ, ಯೋಗಗಳನ್ನು ನಿಲ್ಲಿಸಬೇಡಿ. ಮೂಳೆ ಗಟ್ಟಿಯಾಗುವ ವಯಸ್ಸು ಅದೇ. ಉಬ್ಬಸವಿರುವ ಮಕ್ಕಳು ಯೋಗ ಮಾಡಲಿ, ಆದರೆ ಡಾಕ್ಟರ್ ಕೊಟ್ಟ ಇನ್‌ಹೇಲರ್ ಬಿಡಬಾರದು.

ಇಪ್ಪತ್ತು ನಿಮಿಷದ ದಿನಚರಿ

ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಇಲ್ಲವೇ ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ, ಊಟವಾಗಿ ಮೂರು ಗಂಟೆ ಕಳೆದಿದ್ದರೆ ಮಾಡಿ. ಚಾಪೆಯ ಮೇಲೆ ಒಂದು ಜಮಖಾನ ಸಾಕು. ಉಡುಪು ಸಡಿಲವಾಗಿರಲಿ.

1. ತಾಡಾಸನ: ಕೈಗಳನ್ನು ಮೇಲೆತ್ತಿ ಮೈ ಸೆಳೆದು ನಿಲ್ಲುವುದು - 2 ನಿಮಿಷ.
2. ಅರ್ಧಚಕ್ರಾಸನ: ಸೊಂಟಕ್ಕೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ಬಾಗುವುದು - 2 ನಿಮಿಷ.
3. ಮಾರ್ಜಾಲಾಸನ: ಅಂಗೈ, ಮಂಡಿಗಳ ಮೇಲೆ ನಿಂತು ಬೆಕ್ಕಿನಂತೆ ಬೆನ್ನನ್ನು ಏರಿಸಿ ಇಳಿಸುವುದು - 3 ನಿಮಿಷ.
4. ಭುಜಂಗಾಸನ: ಬೋರಲು ಮಲಗಿ ಎದೆ ಎತ್ತುವುದು - 3 ನಿಮಿಷ.
5. ಸೇತುಬಂಧಾಸನ: ಅಂಗಾತ ಮಲಗಿ, ಮಂಡಿ ಮಡಿಸಿ ಸೊಂಟ ಎತ್ತುವುದು - 3 ನಿಮಿಷ.
6. ನಾಡಿಶುದ್ಧಿ: ಒಂದೊಂದೇ ಮೂಗಿನ ಹೊಳ್ಳೆಯಿಂದ ನಿಧಾನ ಉಸಿರಾಟ - 4 ನಿಮಿಷ.
7. ಶವಾಸನ - 3 ನಿಮಿಷ. ಇದನ್ನು ಮಾತ್ರ ಯಾರೂ ಬಿಡಬಾರದು.

ಇನ್ನು ದುಡಿಮೆಯ ನಡುವೆಯೂ ಯೋಗವಿದೆ. ನಾಟಿ ಹಾಕುವಾಗ ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು ಸೊಂಟಕ್ಕೆ ಕೈಯಿಟ್ಟು ಐದು ಸಲ ಹಿಂದಕ್ಕೆ ಬಾಗಿ. ಹೊರೆ ಎತ್ತುವಾಗ ಬೆನ್ನು ಬಗ್ಗಿಸದೆ ಮಂಡಿ ಮಡಿಸಿ, ಉಸಿರು ಬಿಡುತ್ತಾ ಏಳಿ. ಹಾಲು ಕರೆಯಲು ಎತ್ತರದ ಮಣೆ ಇಟ್ಟುಕೊಳ್ಳಿ.

ಎಚ್ಚರಿಕೆಗಳು

* ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್ ಮಾತ್ರೆಗಳನ್ನು ಯೋಗ ಮಾಡುತ್ತೇವೆಂದು ನಿಲ್ಲಿಸಬಾರದು. ಯೋಗ ಮಾತ್ರೆಗೆ ನೆರವು, ಬದಲಿ ಅಲ್ಲ.
* ಬಿ.ಪಿ., ಹೃದಯದ ತೊಂದರೆ, ಕಣ್ಣಿನ ಒತ್ತಡ ಇರುವವರು ಶೀರ್ಷಾಸನ, ವೇಗದ ಉಸಿರಾಟ, ಉಸಿರು ಬಿಗಿಹಿಡಿಯುವುದನ್ನು ಮಾಡಬಾರದು.
* ಟಿ.ವಿ., ಮೊಬೈಲ್ ನೋಡಿ ಕಷ್ಟದ ಆಸನಗಳಿಗೆ ಕೈಹಾಕಬೇಡಿ. ಬಲ್ಲವರ ಎದುರು ಕಲಿಯಿರಿ.
* ನೋವು ಬಂದ ಕಡೆ ನಿಲ್ಲಿಸಿ. ನೋವನ್ನು ಮೀರಿ ಮಾಡುವುದು ಯೋಗವಲ್ಲ.
* ಸೊಂಟನೋವಿನ ಜೊತೆ ಕಾಲು ಮರಗಟ್ಟಿದರೆ, ಬಲಹೀನವಾದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ, ತೂಕ ಇಳಿದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ.
* ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಎದೆಯಲ್ಲಿ ಗಂಟು ಕಂಡರೂ ಅಂದೇ ಬನ್ನಿ.

ಮನೆಯವರಿಗೆ ಒಂದು ಮಾತು

ವಿಶ್ವಸಂಸ್ಥೆ 2014ರಲ್ಲಿ ಮಾಡಿದ ನಿರ್ಣಯದಂತೆ 2015ರಿಂದ ಪ್ರತಿ ವರ್ಷ ಜೂನ್ 21ರಂದು ಯೋಗ ದಿನ ಆಚರಿಸಲಾಗುತ್ತಿದೆ. 2022ರಲ್ಲಿ ಮೈಸೂರು ಅರಮನೆಯ ಮುಂದೆ ಸಾವಿರಾರು ಜನ ಸೇರಿ ಮಾಡಿದರು. ಸಂತೋಷ. ಆದರೆ ವರ್ಷಕ್ಕೊಮ್ಮೆ ಮಾಡಿದ ಯೋಗ ವರ್ಷಕ್ಕೊಮ್ಮೆ ಉಂಡ ಊಟದಂತೆ.

ತಾಯಂದಿರಿಗೆ ಮನಸ್ಸಿಲ್ಲದೆ ಇಲ್ಲ, ಬಿಡುವಿಲ್ಲ. ಆ ಇಪ್ಪತ್ತು ನಿಮಿಷವನ್ನು ಅವರಿಗೆ ಮನೆಯವರೇ ಬಿಡಿಸಿಕೊಡಬೇಕು. ಅಷ್ಟು ಹೊತ್ತು ಗಂಡ ಮಗುವನ್ನು ಎತ್ತಿಕೊಳ್ಳಲಿ, ಮಗ ಹಸುವಿಗೆ ಹುಲ್ಲು ಹಾಕಲಿ, ಅತ್ತೆಯವರು ಸೊಸೆಯ ಜೊತೆ ತಾವೂ ಚಾಪೆ ಹಾಸಲಿ. ಅಮ್ಮ ಮಲಗಿದರೆ ಮನೆಯೇ ಮಲಗುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಅವಳು ಮಲಗುವವರೆಗೆ ಕಾಯಬೇಕೇ?

ತಾಯಂದಿರೇ, ಎಲ್ಲವನ್ನೂ ಒಮ್ಮೆಗೇ ಹಿಡಿಯಬೇಡಿ. ನಾಳೆ ಬೆಳಿಗ್ಗೆ ತಾಡಾಸನ, ಅರ್ಧಚಕ್ರಾಸನ ಇವೆರಡರಿಂದ ಶುರು ಮಾಡಿ. ವಾರಕ್ಕೆ ಒಂದೊಂದು ಸೇರಿಸಿ. ಬಗ್ಗಿ ಬಗ್ಗಿ ಮನೆ ಕಟ್ಟಿದ ಬೆನ್ನು ನಿಮ್ಮದು. ದಿನಕ್ಕೆ ಸ್ವಲ್ಪ ಹೊತ್ತು ಅದು ನೆಟ್ಟಗೆ ನಿಲ್ಲಲಿ.