ಅಂಗುಳಿನ ಬಾವು: ಒಂದು ಆಶಯ ಭಾಷಣ



ಹಲ್ಲಿನ ಬೇರಿನಿಂದ ಅಂಗುಳಿಗಿಳಿಯುವ ಕೀವು, ಮುಂಬಾಚಿಹಲ್ಲುಗಳ ಹಿಂದಿನ ನಾಳದ ಚೀಲಗಂತಿ, ಕಿರು ಲಾಲಾಗ್ರಂಥಿಗಳ ಅರ್ಬುದ, ಇವುಗಳ ಮೇಲೆ ಅಧಿಕಾರವಾಣಿಯಿಂದ ಬರೆದ ಮಹನೀಯರು ಮುಂದಿನ ಸಾಲಿನಲ್ಲಿಯೇ ಆಸೀನರಾಗಿರುವಾಗ, ಅವರು ಹೇಳಿದುದನ್ನೇ ನಾನು ಮತ್ತೆ ಹೇಳುವುದು ಉಚಿತವಲ್ಲ. ಬಹುಕಾಲದಿಂದ ನನ್ನನ್ನು ಬಿಡದ ಸಂದೇಹವೊಂದನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಸುಶ್ರುತನು ಬಾಯಿಯ 65 ರೋಗಗಳಲ್ಲಿ ಒಂಬತ್ತನ್ನು ತಾಲುವಿಗೆ ಮೀಸಲಿಟ್ಟು, ಆಮೆಯ ಬೆನ್ನಿನಂತೆ ಉಬ್ಬಿ ನಿಧಾನವಾಗಿ ಬೆಳೆಯುವ ಕಚ್ಛಪಕ್ಕೂ ಎಲಚಿಹಣ್ಣಿನಷ್ಟಿರುವ ತಾಲುಪುಪ್ಪುಟಕ್ಕೂ ವೇದನೆಯಿಲ್ಲವೆಂದು, ಕೆಂಪಗೆ ಬಿಗಿದ ಅಧ್ರುಷಕ್ಕೆ ನೋವೂ ಜ್ವರವೂ ಉಂಟೆಂದು ವಿಂಗಡಿಸಿದನು. ನೋವಿನ ನಡೆಯನ್ನೇ ಲಕ್ಷಣವಾಗಿ ಹಿಡಿದ ಆ ದೃಷ್ಟಿಯನ್ನು ನಾವು ಕ್ಷ-ಕಿರಣದ ಚಿತ್ರಕ್ಕೆ ಒಪ್ಪಿಸಿಬಿಟ್ಟು, ಚಿತ್ರದಲ್ಲಿ ಕಾಣದುದಕ್ಕೆ ಕಾರಣವೇ ಇಲ್ಲವೆಂದು ಬಗೆದೆವು. ನಮ್ಮ ಶಾಸ್ತ್ರ ದಾರಿ ತಪ್ಪಿದುದು ಅಲ್ಲಿಯೇ.

ನನ್ನ ವೃತ್ತಿಯ ಮೊದಲ ದಿನಗಳಲ್ಲಿ ಹಳ್ಳಿಯ ಉಪಾಧ್ಯಾಯರೊಬ್ಬರು ಬಂದರು. ಅಂಗುಳಿನ ಒಂದು ಮಗ್ಗುಲು ಊದಿ ನೊಂದುದಕ್ಕಾಗಿ ಬೇರೊಬ್ಬ ವೈದ್ಯರು ಅವರ ಎರಡು ನಿರ್ದೋಷವಾದ ದವಡೆಹಲ್ಲುಗಳನ್ನು ಕಿತ್ತಿದ್ದರು. ಕೆಲವು ದಿನಗಳ ತರುವಾಯ, “ಅಂಗುಳಿನ ಚೂರೊಂದು ಕಳಚಿ ಬಿತ್ತು ಸ್ವಾಮಿ, ಅದರೊಡನೆ ನೋವೂ ಇಳಿಯಿತು” ಎಂದರು. ಆ ಕುಳಿಯನ್ನು ಕಂಡು ನಾವು ಕ್ಯಾನ್ಸರೆಂದೇ ನಡುಗಿದೆವು; ಬಯಾಪ್ಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ನಮ್ಮ ಗುರುಗಳು ಮಾತ್ರ, ಲಾಲಾಗ್ರಂಥಿಯು ಸತ್ತರೂ ಅದರ ಗೂಡುಗಳ ವಿನ್ಯಾಸ ಅಳಿದಿಲ್ಲವೆಂದು ತೋರಿಸಿ, ಶಸ್ತ್ರವನ್ನು ತಡೆದರು. ಎಂಟು ವಾರಗಳಲ್ಲಿ ಕುಳಿ ತಾನಾಗಿಯೇ ತುಂಬಿಕೊಂಡಿತು.

ಏಬ್ರಮ್ಸ್, ಮೆಲ್ರೋಸ್, ಹೊವೆಲ್ ಎಂಬ ಮೂವರು 1973ರಲ್ಲಿ ನಿರೂಪಿಸಿದ ನೆಕ್ರೋಟೈಸಿಂಗ್ ಸಿಯಾಲೋಮೆಟಾಪ್ಲೇಸಿಯಾ ಇದು. ರಕ್ತಸಂಚಾರ ಕುಂದಿ ಗ್ರಂಥಿ ಸಾಯುವುದೆಂಬುದು ಬಹುಜನರ ಮತ. ಇಲಿಗಳ ಅಂಗುಳಿಗೆ ಅರಿವಳಿಕೆಯನ್ನು ಚುಚ್ಚಿ ಇದನ್ನು ಉಂಟುಮಾಡಿ ತೋರಿಸಿಯೂ ಇದ್ದಾರೆ. ಹಾಗಾದರೆ ಹಲ್ಲು ಕೀಳಲು ಚುಚ್ಚಿದ ಸೂಜಿಯೇ ಉಪಾಧ್ಯಾಯರ ರೋಗಕ್ಕೆ ಮೂಲವೇ? ಊತವು ಸೂಜಿಗೆ ಮೊದಲೇ ಇತ್ತಲ್ಲ! ಪೆಟ್ಟು ಬೀಳದ, ಹೊಗೆಯನ್ನರಿಯದ ಅಂಗುಳಿನಲ್ಲಿ ರಕ್ತವು ಒಂದು ದಿನ ಏಕೆ ನಿಂತಿತು? ಈ ಪ್ರಶ್ನೆಯನ್ನು ಇತ್ಯರ್ಥವಾಗದೆಯೇ ತಮ್ಮ ಕೈಗೊಪ್ಪಿಸುತ್ತಿದ್ದೇನೆ.

ಈ ರೋಗಕ್ಕೆ ವಿಪರೀತವಾದುದೂ ಉಂಟು. ಲಾಲಾಗ್ರಂಥಿಯ ಕ್ಯಾನ್ಸರಾದ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮವು ನರದ ಗುಂಟ ಮೆಲ್ಲನೆ ಹರಿದು, ಮಂದವಾದ ನೋವನ್ನೋ ಜೋಮನ್ನೋ ಕೊಟ್ಟು, ಸಣ್ಣ ಗಡ್ಡೆಯಾಗಿ ಅಡಗಿರುತ್ತದೆ. ಅಬ್ಬರಿಸಿದುದು ತಾನೇ ವಾಸಿಯಾಗುವುದು, ಮೌನವಾಗಿದ್ದುದು ಪ್ರಾಣಕ್ಕೆ ಮುಟ್ಟುವುದು. ಇಷ್ಟು ಕಂಡ ಮೇಲೂ ರೋಗಿಯ ಮಾತನ್ನು ಕಡೆಗೆ ಕೇಳುವುದು ಯಾವ ನ್ಯಾಯ?

ತರುಣ ವೈದ್ಯರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಅಂಗುಳನ್ನು ಬೆರಳಿನಿಂದ ಮುಟ್ಟಿ ನೋಡಿರಿ, ಹಲ್ಲು ಜೀವಂತವೋ ಅಲ್ಲವೋ ಪರೀಕ್ಷಿಸದೆ ಕೀಳದಿರಿ, ಎರಡು ವಾರಗಳಲ್ಲಿ ಇಳಿಯದ ಬಾವಿನಿಂದ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿರಿ, ಕಾರಣ ತಿಳಿಯಲಿಲ್ಲವೆಂದು ಬರೆಯಬೇಕಾಗಿ ಬಂದಾಗ, ಮತ್ತೆ ಬರಬೇಕಾದ ದಿನವನ್ನೂ ಅದರ ಕೆಳಗೆ ಬರೆಯಿರಿ.